ರೂಸ್‌ವೆಲ್ಟ್–ಚರ್ಚಿಲ್ ಗೆಳೆತನ: ಶಾಂತಿಕಾಲದ ಯೋಜನೆಗೆ ಅದು ನೆರವಾಯಿತೇ, ಅಡ್ಡಿಯಾಯಿತೇ?

ಕವಲುದಾರಿ (ಚರ್ಚೆಯನ್ನು ಆರಂಭಿಸಿದವರು)

ಎರಡನೆಯ ಮಹಾಯುದ್ಧದ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಸ್ಟಾಲಿನ್‌ಗ್ರಾಡ್, ನಾರ್ಮಂಡಿ, ಹಿರೋಷಿಮಾಗಳಿಗೆ ಬಂದು ನಿಂತುಬಿಡುತ್ತದೆ. ಗೆಲ್ಲುತ್ತೇವೆಂಬ ಖಾತರಿಯೇ ಇಲ್ಲದಿದ್ದ ದಿನಗಳಲ್ಲಿ, ಯುದ್ಧ ಮುಗಿದ ಮೇಲೆ ಜನ ಹೇಗೆ ಬದುಕಬೇಕೆಂದು ಯಾರು ಯೋಚಿಸುತ್ತಿದ್ದರು ಎಂಬ ಪ್ರಶ್ನೆಯನ್ನು ನಾವು ಕೇಳುವುದು ಕಡಿಮೆ. ಆ ಪ್ರಶ್ನೆಯನ್ನು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮತ್ತು ಬ್ರಿಟನ್ನಿನ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಅವರ ಗೆಳೆತನದ ಮೂಲಕ ನೋಡೋಣವೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

1939ರ ಸೆಪ್ಟೆಂಬರ್ 11ರಂದು ರೂಸ್‌ವೆಲ್ಟ್ ಅವರು ಆಗಿನ್ನೂ ನೌಕಾಖಾತೆಯ ಮಂತ್ರಿಯಷ್ಟೇ ಆಗಿದ್ದ ಚರ್ಚಿಲ್‌ಗೆ ಪತ್ರ ಬರೆದು, ತಿಳಿಸಬೇಕೆನಿಸಿದ್ದನ್ನು ನೇರವಾಗಿ ತಮಗೇ ತಿಳಿಸುತ್ತಿರುವಂತೆ ಕೇಳಿದರು. ಅಲ್ಲಿಂದ 1945ರ ಏಪ್ರಿಲ್‌ವರೆಗೆ ಇಬ್ಬರ ನಡುವೆ 1,700ಕ್ಕೂ ಹೆಚ್ಚು ಪತ್ರ ಮತ್ತು ತಂತಿಗಳು ಓಡಾಡಿದವು. 1941ರ ಆಗಸ್ಟಿನಲ್ಲಿ ನ್ಯೂಫೌಂಡ್‌ಲ್ಯಾಂಡಿನ ಪ್ಲಸೆನ್ಷಿಯಾ ಕೊಲ್ಲಿಯಲ್ಲಿ ಯುದ್ಧನೌಕೆಗಳ ಮೇಲೆ ಭೇಟಿಯಾಗಿ, ಎಂಟು ಅಂಶಗಳ ಅಟ್ಲಾಂಟಿಕ್ ಸನ್ನದನ್ನು ಅವರು ಹೊರಡಿಸಿದಾಗ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದೇ ಇರಲಿಲ್ಲ. ಅಂದರೆ ಒಂದು ದೇಶ ಯುದ್ಧಕ್ಕೆ ಸೇರುವ ಮೊದಲೇ ಯುದ್ಧಾನಂತರದ ಲೋಕ ಹೇಗಿರಬೇಕೆಂದು ಸಹಿ ಹಾಕದ ಒಪ್ಪಂದವೊಂದನ್ನು ಮಾಡಿಕೊಂಡಿತ್ತು.

ನನ್ನ ವಾದ ಇಷ್ಟು. ಈ ಗೆಳೆತನ ಇಲ್ಲದಿದ್ದರೆ ಶಾಂತಿಯ ಮಾತು ಅಷ್ಟು ಬೇಗ ಮೇಜಿನ ಮೇಲೆ ಬರುತ್ತಿರಲಿಲ್ಲ. ಆದರೆ ಇಬ್ಬರೂ ಒಂದೇ ಶಾಂತಿಯನ್ನು ಕನಸಿನಲ್ಲಿಟ್ಟುಕೊಂಡಿರಲಿಲ್ಲ. ಆ ಭಿನ್ನತೆಯನ್ನು ಗೆಳೆತನ ಬಹುಕಾಲ ಮುಚ್ಚಿಟ್ಟಿತು, ಮುಚ್ಚಿಟ್ಟದ್ದರ ಬೆಲೆಯನ್ನು ಬೇರೆಯವರು ತೆತ್ತರು. ನೀವೇನು ಹೇಳುತ್ತೀರಿ?

ತುಂಗಾತೀರ

ಚರ್ಚಿಲ್ ಹೆಸರು ಬಂದ ಕೂಡಲೇ ಬೆಂಗಳೂರಿನ ಕ್ಲಬ್ಬಿನಲ್ಲಿ ಉಳಿಸಿಹೋದ 13 ರೂಪಾಯಿ ಬಾಕಿಯ ಕಥೆಯನ್ನು ಯಾರೂ ತರಬಾರದೆಂದು ಮೊದಲೇ ಕೈಮುಗಿದು ಕೇಳಿಕೊಳ್ಳುತ್ತೇನೆ.

ಗಡಿಯಾರ

ನೀವೇ ತಂದಿರಲ್ಲ ಸ್ವಾಮಿ.

ಹಳೆಯ ಕಡತ

ಗೆಳೆತನ 1939ರ ಪತ್ರದಿಂದ ಆರಂಭವಾಯಿತೆಂಬ ಮಾತಿಗೆ ಒಂದು ತಿದ್ದುಪಡಿ ಬೇಕು. ಇಬ್ಬರೂ 1918ರ ಜುಲೈನಲ್ಲಿ ಲಂಡನ್ನಿನ ಗ್ರೇಸ್ ಇನ್‌ನಲ್ಲಿ ನಡೆದ ಭೋಜನಕೂಟವೊಂದರಲ್ಲಿ ಭೇಟಿಯಾಗಿದ್ದರು; ಆಗ ರೂಸ್‌ವೆಲ್ಟ್ ಅಮೆರಿಕದ ನೌಕಾ ಇಲಾಖೆಯ ಸಹಾಯಕ ಕಾರ್ಯದರ್ಶಿಯಾಗಿದ್ದರು. ಚರ್ಚಿಲ್ ಆ ಭೇಟಿಯನ್ನು ಪೂರ್ತಿ ಮರೆತಿದ್ದರು. 1941ರಲ್ಲಿ ಹಡಗಿನ ಮೇಲೆ ಆ ವಿಷಯ ಬಂದಾಗ ರೂಸ್‌ವೆಲ್ಟ್ ಅವರಿಗೆ ಅದು ಅಷ್ಟೇನೂ ಹಿಡಿಸಲಿಲ್ಲ. ಆದ್ದರಿಂದ ಇದು ಬಾಲ್ಯದ ಒಡನಾಟವೂ ಅಲ್ಲ, ಮೊದಲ ನೋಟದ ಸ್ನೇಹವೂ ಅಲ್ಲ. ಇಬ್ಬರೂ ನೌಕಾಪಡೆಯ ವ್ಯವಹಾರವನ್ನು ಬಲ್ಲವರಾಗಿದ್ದರೆಂಬುದೇ ಮೊದಲ ಕೊಂಡಿ. ಚರ್ಚಿಲ್ ಪ್ರಧಾನಿಯಾದ ಮೇಲೂ ತಮ್ಮ ತಂತಿಗಳಲ್ಲಿ ತಮ್ಮನ್ನು ಮಾಜಿ ನೌಕಾವ್ಯಕ್ತಿಯೆಂದೇ ಕರೆದುಕೊಳ್ಳುತ್ತಿದ್ದರು.

ಮೇಲಾಗಿ ಒಬ್ಬರಿಗೆ ಬೇಕಾಗಿದ್ದುದು ಹಡಗು, ಟ್ಯಾಂಕು ಮತ್ತು ಸಾಲ. ಇನ್ನೊಬ್ಬರಿಗೆ ಬೇಕಾಗಿದ್ದುದು ಹಿಟ್ಲರನನ್ನು ಅಟ್ಲಾಂಟಿಕ್ ಸಾಗರದ ಆಚೆಯೇ ತಡೆದು ನಿಲ್ಲಿಸುವವರು. ಇದನ್ನು ಗೆಳೆತನವೆನ್ನುವ ಮೊದಲು ಸ್ವಲ್ಪ ಯೋಚಿಸಬೇಕು.

ಕವಲುದಾರಿ

ಹಳೆಯ ಕಡತ ಅವರೇ, ಅಗತ್ಯದಿಂದ ಆರಂಭವಾದ ಸಂಬಂಧವೆಲ್ಲ ಗೆಳೆತನವಾಗದೆ ಉಳಿಯಬೇಕೆಂದೇನೂ ಇಲ್ಲ. 1942ರ ಜೂನ್‌ನಲ್ಲಿ ಬ್ರಿಟನ್ನಿನ ವಶದಲ್ಲಿದ್ದ ಲಿಬಿಯಾದ ಟೊಬ್ರುಕ್ ಜರ್ಮನ್ನರ ಕೈಗೆ ಬಿದ್ದ ಸುದ್ದಿ ಬಂದಾಗ ಚರ್ಚಿಲ್ ಶ್ವೇತಭವನದಲ್ಲೇ ಇದ್ದರು. ರೂಸ್‌ವೆಲ್ಟ್ ಒಂದು ಕುಹಕದ ಮಾತನ್ನೂ ಆಡದೆ, ನಾವೇನು ಸಹಾಯ ಮಾಡಬಹುದೆಂದು ಕೇಳಿದರು; ಅದರ ಫಲವಾಗಿ 300 ಶರ್ಮನ್ ಟ್ಯಾಂಕುಗಳು ಈಜಿಪ್ಟಿಗೆ ಹೊರಟವು. ಮರುವರ್ಷ ಕಾಸಾಬ್ಲಾಂಕಾ ಸಮ್ಮೇಳನ ಮುಗಿದ ಮೇಲೆ ಚರ್ಚಿಲ್ ಹಟ ಹಿಡಿದು ರೂಸ್‌ವೆಲ್ಟ್ ಅವರನ್ನು ಮರಾಕೆಷ್‌ಗೆ ಕರೆದೊಯ್ದು, ಅಟ್ಲಾಸ್ ಪರ್ವತಗಳ ಮೇಲಿನ ಸೂರ್ಯಾಸ್ತವನ್ನು ತೋರಿಸಿದರು. ಯುದ್ಧದ ಆರು ವರ್ಷಗಳಲ್ಲಿ ಅವರು ಬರೆದ ಒಂದೇ ಒಂದು ವರ್ಣಚಿತ್ರ ಆ ಊರಿನದು, ಅದನ್ನು ಕೊಟ್ಟದ್ದು ರೂಸ್‌ವೆಲ್ಟ್ ಅವರಿಗೆ. ಬರಿಯ ಲೆಕ್ಕಾಚಾರದಲ್ಲಿ ಇಂಥವು ಹುಟ್ಟುವುದಿಲ್ಲ.

ಮಲೆನಾಡ ಮೇಷ್ಟ್ರು

ವಿಷಯದ ಎರಡನೆಯ ಭಾಗ ನನಗೆ ಹೆಚ್ಚು ಮುಖ್ಯವೆನಿಸುತ್ತದೆ, ಆದ್ದರಿಂದ ತುಸು ದೀರ್ಘವಾಗಿ ಬರೆಯುತ್ತೇನೆ.

ಬ್ರಿಟನ್ನಿನಲ್ಲಿ ಶಾಂತಿಕಾಲದ ಯೋಜನೆ ಪ್ರಧಾನಿಯ ಮನಸ್ಸಿನಿಂದ ಹೊರಟದ್ದಲ್ಲ. ಅಟ್ಲಾಂಟಿಕ್ ಸನ್ನದಿನ ಐದನೆಯ ಅಂಶದಲ್ಲಿ ದುಡಿಮೆಯ ಸ್ಥಿತಿಗತಿ, ಆರ್ಥಿಕ ಪ್ರಗತಿ ಮತ್ತು ಸಾಮಾಜಿಕ ಭದ್ರತೆಯ ಮಾತಿದೆಯಲ್ಲ, ಅದನ್ನು ಸೇರಿಸಬೇಕೆಂದು ಒತ್ತಾಯಿಸಿದವರು ಲಂಡನ್ನಿನಲ್ಲಿದ್ದ ಸಮರ ಸಂಪುಟದವರು, ಅದರಲ್ಲೂ ಕಾರ್ಮಿಕ ಮಂತ್ರಿ ಅರ್ನೆಸ್ಟ್ ಬೆವಿನ್. ನಡುರಾತ್ರಿ ಕಳೆದ ಮೇಲೆ ಲೇಬರ್ ಪಕ್ಷದ ನಾಯಕ ಆಟ್ಲಿ ಸಭೆ ಕರೆದು ಒಪ್ಪಿಗೆ ಪಡೆದು ತಂತಿ ಕಳುಹಿಸಿದರು. ಸಮುದ್ರದ ಮೇಲೆ ಇಬ್ಬರು ಗೆಳೆಯರು ಕೂತು ಬರೆದರೆಂದು ನಾವು ತಿಳಿದಿರುವ ದಾಖಲೆಯ ಅತ್ಯಂತ ಬಾಳಿಕೆಯ ಸಾಲು ಹಡಗಿನಲ್ಲಿ ಹುಟ್ಟಿದ್ದೇ ಅಲ್ಲ.

1942ರ ಡಿಸೆಂಬರಿನಲ್ಲಿ ಸಾಮಾಜಿಕ ವಿಮೆಯ ಬಗ್ಗೆ ವಿಲಿಯಂ ಬೆವರಿಜ್ ಬರೆದ ವರದಿ ಹೊರಬಿದ್ದಾಗ ಜನ ಸಾಲಿನಲ್ಲಿ ನಿಂತು ಕೊಂಡುಕೊಂಡರು. ಸರ್ಕಾರಿ ವರದಿಯೊಂದರ ಆರು ಲಕ್ಷಕ್ಕೂ ಹೆಚ್ಚು ಪ್ರತಿಗಳು, ಸಂಕ್ಷಿಪ್ತ ಆವೃತ್ತಿಯೂ ಸೇರಿ, ಮಾರಾಟವಾದವು. ಕೊರತೆ, ರೋಗ, ಅಜ್ಞಾನ, ಕೊಳಕು, ನಿರುದ್ಯೋಗ ಎಂಬ ಐದು ದೈತ್ಯರನ್ನು ಸೋಲಿಸಬೇಕೆಂಬುದು ಅದರ ಕರೆ. ಸೈನಿಕರ ಚರ್ಚೆಗೆಂದು ಅದರ ಸಾರಾಂಶವನ್ನು ಅಚ್ಚುಮಾಡಿ ಹಂಚಿದ ಯುದ್ಧ ಇಲಾಖೆಯೇ ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. 1943ರ ಫೆಬ್ರವರಿಯಲ್ಲಿ ಸಂಸತ್ತಿನಲ್ಲಿ ಚರ್ಚೆ ಬಂದಾಗ ಸರ್ಕಾರದ ಹಿಂಜರಿಕೆಯನ್ನು ವಿರೋಧಿಸಿ ನೂರಕ್ಕೂ ಹೆಚ್ಚು ಸದಸ್ಯರು ಮತ ಹಾಕಿದರು. ಆಮೇಲಷ್ಟೇ ಚರ್ಚಿಲ್ ಮಾರ್ಚ್ 21ರಂದು ರೇಡಿಯೊದಲ್ಲಿ ನಾಲ್ಕು ವರ್ಷಗಳ ಯೋಜನೆಯ ಮಾತಾಡಿದರು: ತೊಟ್ಟಿಲಿನಿಂದ ಗೋರಿಯವರೆಗೆ ಎಲ್ಲ ವರ್ಗಗಳಿಗೂ ಕಡ್ಡಾಯ ವಿಮೆ, ಶಿಕ್ಷಣ, ಆರೋಗ್ಯ, ಮನೆ. ಆದರೆ ಅದೇ ಭಾಷಣದಲ್ಲಿ, ಈಗಲೇ ಇದಕ್ಕೆ ಬದ್ಧನಾಗಲಾರೆ, ಹೊಸ ಚುನಾವಣೆಯಲ್ಲಿ ಆಯ್ಕೆಯಾದ ಸರ್ಕಾರವೇ ಮಾಡಬೇಕು ಎಂದರು. ಕೊನೆಗೆ ಟ್ಯುನೀಸಿಯಾದಲ್ಲಿ ಬ್ರಿಟನ್ನಿನ ಎಂಟನೆಯ ಸೇನೆ ಮುನ್ನುಗ್ಗುತ್ತಿದೆಯೆಂಬ, ಅದರ ಸೇನಾಪತಿ ಮಾಂಟ್‌ಗೊಮರಿಯ ಸಂದೇಶವನ್ನು ಓದಿ ಮುಗಿಸಿದರು. ಅವರ ಮನಸ್ಸು ಎಲ್ಲಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಉತ್ತರಾಯಣ

ಮೇಷ್ಟ್ರೇ, ನೀವು ಚರ್ಚಿಲ್ ಅವರಿಗೆ ಅನ್ಯಾಯ ಮಾಡುತ್ತಿದ್ದೀರಿ. 1943ರ ಮಾರ್ಚಿನಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಅಟ್ಲಾಂಟಿಕ್‌ನಲ್ಲಿ ಸರಕು ಹಡಗುಗಳನ್ನು ಸಾಲುಸಾಲಾಗಿ ಮುಳುಗಿಸುತ್ತಿದ್ದವು. ನಾಳೆ ಊಟಕ್ಕೆ ಗೋಧಿ ಬರುತ್ತದೋ ಇಲ್ಲವೋ ಎಂಬ ಸ್ಥಿತಿಯಲ್ಲಿರುವ ಮನುಷ್ಯ ಹತ್ತು ವರ್ಷದ ಮೇಲಿನ ಪಿಂಚಣಿಗೆ ಮಾತು ಕೊಡಬೇಕಿತ್ತೇ? ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ವೀರಯೋಧರಿಗೆ ತಕ್ಕ ನಾಡು ಕಟ್ಟುತ್ತೇವೆಂದು ಅಂದಿನ ಪ್ರಧಾನಿ ಲಾಯ್ಡ್ ಜಾರ್ಜ್ ಕೊಟ್ಟ ಭರವಸೆ ಸುಳ್ಳಾದದ್ದನ್ನು ಕಣ್ಣಾರೆ ಕಂಡವರು ಚರ್ಚಿಲ್. ಇನ್ನೊಂದು ಮಾತನ್ನೂ ಮರೆಯಬೇಡಿ: 1908ರಲ್ಲಿ ಬ್ರಿಟನ್ನಿನ ನಿರುದ್ಯೋಗ ವಿಮೆ ಮತ್ತು ಉದ್ಯೋಗ ವಿನಿಮಯ ಕಚೇರಿಗಳ ಕೆಲಸದಲ್ಲಿ ಇದೇ ಬೆವರಿಜ್ ಅವರನ್ನು ಕರೆತಂದು ಕೂರಿಸಿದ್ದೇ ಚರ್ಚಿಲ್.

1944ರ ಶಿಕ್ಷಣ ಕಾಯಿದೆ, ಅದೇ ವರ್ಷದ ಪೂರ್ಣ ಉದ್ಯೋಗದ ಶ್ವೇತಪತ್ರ, 1945ರ ಕುಟುಂಬ ಭತ್ಯೆ ಕಾಯಿದೆ ಇವೆಲ್ಲ ಅವರು ಪ್ರಧಾನಿಯಾಗಿದ್ದಾಗಲೇ ಆದವು.

ಮಲೆನಾಡ ಮೇಷ್ಟ್ರು

ಆದವು, ಅವರು ಮಾಡಿದರೆಂದಲ್ಲ. ಶಿಕ್ಷಣ ಕಾಯಿದೆ ಆ ಖಾತೆಯ ಮುಖ್ಯಸ್ಥರಾಗಿದ್ದ ಬಟ್ಲರ್ ಅವರದು. ಆ ವಿಷಯಕ್ಕೆ ಈಗ ಕೈ ಹಾಕಬೇಡಿ ಎಂದು ಚರ್ಚಿಲ್ ಬಟ್ಲರ್ ಅವರಿಗೆ ಹೇಳಿದ್ದರು. ನಿಮ್ಮ ವಾದವನ್ನು ಮತದಾರರ ಮುಂದಿಟ್ಟು ನೋಡಿ. 1945ರ ಜುಲೈ 5ರಂದು ಮತದಾನ ನಡೆಯಿತು, ದೂರದ ರಣರಂಗಗಳಿಂದ ಸೈನಿಕರ ಮತಗಳು ಬರಬೇಕಾಗಿದ್ದುದರಿಂದ ಎಣಿಕೆ ಜುಲೈ 26ಕ್ಕೆ. ಜರ್ಮನಿಯನ್ನು ಸೋಲಿಸಿ ಮೂರು ತಿಂಗಳೂ ಆಗದ ನಾಯಕನ ಪಕ್ಷ ನೆಲ ಕಚ್ಚಿ, ಲೇಬರ್ ಪಕ್ಷಕ್ಕೆ 393 ಸ್ಥಾನಗಳು ಬಂದವು. ಗೆದ್ದ ಮೂರು ರಾಷ್ಟ್ರಗಳ ಪಾಟ್ಸ್‌ಡ್ಯಾಮ್ ಸಮ್ಮೇಳನಕ್ಕೆ ಚರ್ಚಿಲ್ ಹೋಗಿದ್ದರು, ಮುಗಿಸಲು ಮರಳಿದವರು ಹೊಸ ಪ್ರಧಾನಿ ಆಟ್ಲಿ. ಸಮಾಜವಾದ ಬಂದರೆ ನಾಜಿಗಳ ರಹಸ್ಯ ಪೊಲೀಸ್ ಪಡೆಯಾದ ಗೆಸ್ಟಾಪೊದಂಥ ವ್ಯವಸ್ಥೆಯೂ ಬರುತ್ತದೆಂದು ಜೂನ್ 4ರ ರೇಡಿಯೊ ಭಾಷಣದಲ್ಲಿ ಹೆದರಿಸಿದ್ದನ್ನು ಜನ ನಂಬಲಿಲ್ಲ, ಏಕೆಂದರೆ ಆ ಸಮಾಜವಾದಿಗಳೇ ಐದು ವರ್ಷ ಅವರ ಪಕ್ಕದಲ್ಲಿ ಕೂತು ದೇಶವನ್ನು ನಡೆಸಿದ್ದರು.

ಬೆಳವಲ

ಬ್ರಿಟನ್ನಿನ ಕಡೆಯೇ ಹೆಚ್ಚಾಯಿತು, ರೂಸ್‌ವೆಲ್ಟ್ ಅವರನ್ನೂ ಒಂದಿಷ್ಟು ಕೆದಕೋಣ. ಅವರನ್ನು ಶಾಂತಿಯ ಋಷಿಯನ್ನಾಗಿ ಮಾಡುವವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ: ಯುದ್ಧಾನಂತರದ ಯೋಜನೆಗೆಂದೇ ಅವರಿಗಿದ್ದ ರಾಷ್ಟ್ರೀಯ ಸಂಪನ್ಮೂಲ ಯೋಜನಾ ಮಂಡಳಿಯನ್ನು, ಅದರ ಅಧ್ಯಕ್ಷರು ಅವರ ಸೋದರಮಾವ ಫ್ರೆಡೆರಿಕ್ ಡೆಲಾನೊ ಆಗಿದ್ದರೂ, 1943ರಲ್ಲಿ ಅಮೆರಿಕದ ಕಾಂಗ್ರೆಸ್ ಹಣ ನಿಲ್ಲಿಸಿ ಮುಚ್ಚಿಸಿತು. ಬ್ರಿಟನ್ನಿನಲ್ಲಿ ಪ್ರಧಾನಿಗೆ ಉತ್ಸಾಹವಿರಲಿಲ್ಲ, ಸಂಸತ್ತಿಗೆ ಇತ್ತು. ಅಮೆರಿಕದಲ್ಲಿ ಅಧ್ಯಕ್ಷರಿಗೆ ಇತ್ತು, ಶಾಸಕಾಂಗಕ್ಕೆ ಇರಲಿಲ್ಲ.

1943ರ ಡಿಸೆಂಬರಿನಲ್ಲಿ ಪತ್ರಕರ್ತರ ಮುಂದೆ ರೂಸ್‌ವೆಲ್ಟ್, ನ್ಯೂ ಡೀಲ್ (1930ರ ದಶಕದ ತಮ್ಮ ಆರ್ಥಿಕ ಸುಧಾರಣೆಗಳು) ಎಂಬ ವೈದ್ಯರ ಕೆಲಸ ಮುಗಿದಿದೆ, ಈಗ ಯುದ್ಧ ಗೆಲ್ಲಿಸುವ ವೈದ್ಯರು ಬಂದಿದ್ದಾರೆ ಎಂದು ತಮಾಷೆಯಾಗಿ ಹೇಳಿದರು. ಎಲ್ಲರೂ ಸುಧಾರಣೆಯ ಕಾಲ ಮುಗಿಯಿತೆಂದುಕೊಂಡರು. ಎರಡೇ ವಾರಗಳಲ್ಲಿ, 1944ರ ಜನವರಿ 11ರಂದು, ಅದೇ ಮನುಷ್ಯ ಉದ್ಯೋಗ, ಮನೆ, ವೈದ್ಯಕೀಯ ಆರೈಕೆ, ಶಿಕ್ಷಣ, ಮುಪ್ಪಿನ ಭದ್ರತೆ ಇವೆಲ್ಲ ಪ್ರಜೆಯ ಹಕ್ಕುಗಳೆಂದು ಎರಡನೆಯ ಹಕ್ಕುಪತ್ರವನ್ನೇ ಮುಂದಿಟ್ಟರು. ಅದರಲ್ಲಿ ಬಹುಪಾಲು ಇಂದಿಗೂ ಕಾನೂನಾಗಿಲ್ಲ. ನಿಜವಾಗಿ ಜಾರಿಗೆ ಬಂದದ್ದು ಸೈನಿಕರಿಗಾಗಿ ಮಾಡಿದ ಒಂದೇ ಒಂದು ದೊಡ್ಡ ಕಾಯಿದೆ, ಅದೇ ಜಿಐ ಬಿಲ್.

ಪಡಸಾಲೆ

ಜಿಐ ಬಿಲ್ ಎಂದರೇನೆಂದು ನನ್ನಂಥವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೀರಾ? ಹೆಸರು ಕೇಳಿದ್ದೇನೆ, ಅಷ್ಟೇ.

ಬೆಳವಲ

1944ರ ಜೂನ್ 22ರಂದು, ನಾರ್ಮಂಡಿ ದಾಳಿ ಆರಂಭವಾಗಿ ಎರಡು ವಾರ ಕಳೆದಿದ್ದಾಗ, ರೂಸ್‌ವೆಲ್ಟ್ ಸಹಿ ಹಾಕಿದ ಕಾಯಿದೆ ಅದು. ಸೇನೆಯಿಂದ ಮರಳಿದವರಿಗೆ ಕಾಲೇಜಿನ ಶುಲ್ಕ ವರ್ಷಕ್ಕೆ 500 ಡಾಲರ್‌ವರೆಗೆ, ಜೊತೆಗೆ ಜೀವನಭತ್ಯೆ. ಮನೆ, ಹೊಲ, ಅಂಗಡಿಗಾಗಿ ಪಡೆಯುವ ಸಾಲಕ್ಕೆ ಸರ್ಕಾರದ ಖಾತರಿ. ಕೆಲಸ ಸಿಗದಿದ್ದರೆ ವಾರಕ್ಕೆ 20 ಡಾಲರಿನಂತೆ 52 ವಾರಗಳವರೆಗೆ ಭತ್ಯೆ. 1956ರ ಹೊತ್ತಿಗೆ ಸುಮಾರು 78 ಲಕ್ಷ ಮಂದಿ ಇದರ ನೆರವಿನಿಂದ ಓದಿದರು ಅಥವಾ ತರಬೇತಿ ಪಡೆದರು.

ಇದರ ಹಿಂದಿದ್ದುದು ಉದಾರತೆಗಿಂತ ಭಯ. 1932ರಲ್ಲಿ ಮೊದಲ ಮಹಾಯುದ್ಧದ ಸೈನಿಕರು ತಮಗೆ ಬರಬೇಕಾಗಿದ್ದ ಬೋನಸ್ ಕೇಳಲು ವಾಷಿಂಗ್ಟನ್ನಿಗೆ ಬಂದು ಬಿಡಾರ ಹೂಡಿದಾಗ, ಅಂದಿನ ಸರ್ಕಾರ ಸೇನೆಯನ್ನೇ ಬಿಟ್ಟು ಅವರನ್ನು ಓಡಿಸಿತ್ತು. ಒಂದೂವರೆ ಕೋಟಿಗೂ ಹೆಚ್ಚು ಜನ ಸಮವಸ್ತ್ರ ಕಳಚಿ ಒಮ್ಮೆಲೇ ಊರಿಗೆ ಬಂದರೆ ಏನಾದೀತೆಂಬ ಚಿಂತೆ ಎಲ್ಲರಿಗೂ ಇತ್ತು. ಆದರೆ ಇದೂ ಸಮಾನವಾಗಿ ಹಂಚಿಕೆಯಾಗಲಿಲ್ಲ. ಜಾರಿಯನ್ನು ಸ್ಥಳೀಯ ಕಚೇರಿಗಳಿಗೂ ಬ್ಯಾಂಕುಗಳಿಗೂ ಬಿಟ್ಟದ್ದರಿಂದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಸೈನಿಕರಿಗೆ ಮನೆಸಾಲ ಸಿಗುವುದು ದುರ್ಲಭವಾಯಿತು, ವಿಶ್ವವಿದ್ಯಾಲಯಗಳ ಬಾಗಿಲುಗಳೂ ಅವರಿಗೆ ಮುಚ್ಚಿದ್ದವು.

ಹಳೆಯ ಕಡತ

ಗೆಳೆತನದ ಮಾತು ಎಲ್ಲಿ ಹೋಯಿತು? ಶೀರ್ಷಿಕೆಯನ್ನು ಮತ್ತೊಮ್ಮೆ ಓದಿ.

ನಂದಾದೀಪ

ನಾನು ಹೇಳುತ್ತೇನೆ. ರೂಸ್‌ವೆಲ್ಟ್ ಅವರ ನಿಜವಾದ ಗೆಳೆಯ ಚರ್ಚಿಲ್ ಅಲ್ಲ, ಹ್ಯಾರಿ ಹಾಪ್ಕಿನ್ಸ್. ಬಡತನ ಪರಿಹಾರದ ಕೆಲಸಗಳನ್ನು ನಡೆಸಿದ್ದ, ಹೊಟ್ಟೆಯ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿ ಸದಾ ರೋಗಿಯಂತಿದ್ದ ಈ ಮನುಷ್ಯ 1940ರ ಮೇ ತಿಂಗಳಲ್ಲಿ ಒಂದು ರಾತ್ರಿ ಶ್ವೇತಭವನದಲ್ಲಿ ಊಟಕ್ಕೆ ಬಂದು, ಮೈ ಸರಿಯಿಲ್ಲವೆಂದು ಅಲ್ಲೇ ಮಲಗಿ, ಮೂರು ವರ್ಷಗಳಿಗೂ ಹೆಚ್ಚು ಕಾಲ ಅಲ್ಲೇ ಉಳಿದರು. ಚುನಾವಣೆಯಲ್ಲಿ ತಮ್ಮೆದುರು ಸೋತಿದ್ದ ವೆಂಡೆಲ್ ವಿಲ್ಕಿ ಒಮ್ಮೆ, ಇವನನ್ನು ಏಕೆ ಇಷ್ಟು ಹತ್ತಿರ ಇಟ್ಟುಕೊಂಡಿದ್ದೀರಿ ಎಂದು ಕೇಳಿದಾಗ ರೂಸ್‌ವೆಲ್ಟ್ ಕೊಟ್ಟ ಉತ್ತರದ ತಾತ್ಪರ್ಯ ಇದು: ಈ ಕುರ್ಚಿಯಲ್ಲಿ ಕೂತರೆ ಆ ಬಾಗಿಲಿನಿಂದ ಬರುವ ಪ್ರತಿಯೊಬ್ಬರೂ ಏನನ್ನೋ ಕೇಳಲು ಬರುತ್ತಾರೆ, ಏನನ್ನೂ ಕೇಳದವನೊಬ್ಬ ಬೇಕಾಗುತ್ತದೆ.

1941ರ ಜನವರಿಯಲ್ಲಿ ಲಂಡನ್ನಿಗೆ ಹೋಗಿ ಚರ್ಚಿಲ್ ಅವರನ್ನು ಅಳೆದು ನೋಡಿ, ನಂಬಬಹುದೆಂದು ರೂಸ್‌ವೆಲ್ಟ್ ಅವರಿಗೆ ಬರೆದವರು ಇವರೇ. ಗ್ಲಾಸ್ಗೊದ ಊಟದ ಕೂಟದಲ್ಲಿ ಬೈಬಲಿನ ರೂತಳ ಮಾತನ್ನು ಉದ್ಧರಿಸಿ, ನೀವು ಹೋದಲ್ಲಿಗೆ ನಾವೂ ಬರುತ್ತೇವೆ, ಕೊನೆಯವರೆಗೂ, ಎಂದಾಗ ಚರ್ಚಿಲ್ ಕಣ್ಣೀರಾದರು. ವಿಷಯದ ಬೇರಿಗೆ ನೇರವಾಗಿ ಕೈ ಹಾಕುವವರೆಂದು ಚರ್ಚಿಲ್ ಹಾಪ್ಕಿನ್ಸ್ ಅವರಿಗೊಂದು ಅಡ್ಡಹೆಸರನ್ನೇ ಇಟ್ಟಿದ್ದರು. ರೂಸ್‌ವೆಲ್ಟ್ ತೀರಿಕೊಂಡ ಮೇಲೆ, 1945ರ ಮೇ ಕೊನೆಯಲ್ಲಿ, ಹಾಸಿಗೆ ಬಿಟ್ಟು ಏಳಲಾರದ ಸ್ಥಿತಿಯಲ್ಲಿದ್ದರೂ ಹೊಸ ಅಧ್ಯಕ್ಷ ಟ್ರೂಮನ್ ಪರವಾಗಿ ಮಾಸ್ಕೋಗೆ ಹೋಗಿ ಸ್ಟಾಲಿನ್ ಜೊತೆ ಮಾತಾಡಿ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ವೀಟೊ (ನಿರ್ಣಯವನ್ನು ತಡೆಯುವ ಅಧಿಕಾರ) ಎಲ್ಲಿಯವರೆಗೆ ಅನ್ವಯಿಸಬೇಕೆಂಬ ಬಿಕ್ಕಟ್ಟನ್ನು ಬಿಡಿಸಿದ್ದೂ ಅವರೇ. ಅದು ಬಿಡಿಸಿಕೊಳ್ಳದಿದ್ದರೆ ವಿಶ್ವಸಂಸ್ಥೆಯನ್ನು ಕಟ್ಟಲು ಸೇರಿದ್ದ ಸ್ಯಾನ್ ಫ್ರಾನ್ಸಿಸ್ಕೊದ ಸಮ್ಮೇಳನ ಹಳ್ಳ ಹಿಡಿಯುತ್ತಿತ್ತು. ಎಂಟು ತಿಂಗಳಲ್ಲಿ ಅವರೂ ಹೋದರು.

ಗಡಿಯಾರ

ಇದು ನನಗೆ ಗೊತ್ತೇ ಇರಲಿಲ್ಲ. ಹಾಪ್ಕಿನ್ಸ್ ಮೇಲೆ ಬೇರೊಂದು ಚರ್ಚೆಯನ್ನೇ ಆರಂಭಿಸಬಹುದು.

ಕರಿಯಬ್ಬೆ

ಇಲ್ಲಿಯವರೆಗೆ ಇಷ್ಟು ಜನ ಬರೆದಿರಿ, ಮೂರನೆಯ ಅಂಶದ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಎಲ್ಲ ಜನಗಳಿಗೂ ತಮ್ಮ ಸರ್ಕಾರದ ಸ್ವರೂಪವನ್ನು ತಾವೇ ಆರಿಸಿಕೊಳ್ಳುವ ಹಕ್ಕಿದೆ ಎಂಬುದು ಅಟ್ಲಾಂಟಿಕ್ ಸನ್ನದಿನ ಮೂರನೆಯ ಅಂಶ. ಅದನ್ನು ಓದಿ ಭಾರತದಲ್ಲಿ ಜನ ಕಣ್ಣರಳಿಸಿದರು. ತಿಂಗಳು ತುಂಬುವ ಮೊದಲೇ, 1941ರ ಸೆಪ್ಟೆಂಬರ್ 9ರಂದು, ಚರ್ಚಿಲ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ನಾವು ಯೋಚಿಸಿದ್ದು ನಾಜಿಗಳ ನೊಗದಡಿಯಲ್ಲಿರುವ ಐರೋಪ್ಯ ದೇಶಗಳ ಬಗ್ಗೆ, ಭಾರತ ಮತ್ತು ಬರ್ಮಾಗಳ ವಿಷಯ ಬೇರೆ ಎಂದರು. ರೂಸ್‌ವೆಲ್ಟ್ ಆ ಮಾತನ್ನು ಆಗ ಬಹಿರಂಗವಾಗಿ ತಿದ್ದಲಿಲ್ಲ. 1942ರ ಜುಲೈ 1ರಂದು ಗಾಂಧೀಜಿ ರೂಸ್‌ವೆಲ್ಟ್ ಅವರಿಗೇ ಪತ್ರ ಬರೆದು, ಭಾರತ ಮತ್ತು ಆಫ್ರಿಕಾಗಳು ಬ್ರಿಟನ್ನಿನ ಶೋಷಣೆಯಲ್ಲಿರುವವರೆಗೆ, ಅಮೆರಿಕದ ಮನೆಯೊಳಗೇ ಕರಿಯರ ಪ್ರಶ್ನೆ ಇರುವವರೆಗೆ, ಲೋಕದ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದೇವೆಂಬ ಮಾತು ಟೊಳ್ಳಾಗಿ ಕೇಳಿಸುತ್ತದೆಂದು ಸ್ಪಷ್ಟವಾಗಿ ತಿಳಿಸಿದರು.

ಕವಲುದಾರಿ ಅವರೇ, ಮುಚ್ಚಿಟ್ಟದ್ದರ ಬೆಲೆಯನ್ನು ಬೇರೆಯವರು ತೆತ್ತರೆಂದು ಬರೆದಿರಲ್ಲ. ಆ ಬೇರೆಯವರು ನಾವು. ಅದನ್ನು ಮೊದಲ ಬರಹದಲ್ಲೇ ಹೇಳಬಹುದಿತ್ತು.

ಉತ್ತರಾಯಣ

ರೂಸ್‌ವೆಲ್ಟ್ ಸುಮ್ಮನೆ ಕೂತಿದ್ದರೆಂಬುದು ಪೂರ್ತಿ ಸರಿಯಲ್ಲ. 1942ರ ಮಾರ್ಚಿನಲ್ಲಿ, ಅಮೆರಿಕದ ಹದಿಮೂರು ವಸಾಹತುಗಳು ಸ್ವತಂತ್ರವಾದ ಹೊಸತರಲ್ಲಿ ಮಾಡಿಕೊಂಡಿದ್ದ ತಾತ್ಕಾಲಿಕ ವ್ಯವಸ್ಥೆಯ ಮಾದರಿಯನ್ನು ಭಾರತಕ್ಕೂ ಯೋಚಿಸಬಹುದೆಂದು ಅವರು ಚರ್ಚಿಲ್‌ಗೆ ಬರೆದಿದ್ದರು. ಲೂಯಿ ಜಾನ್ಸನ್ ಎಂಬವರನ್ನು ತಮ್ಮ ಪ್ರತಿನಿಧಿಯಾಗಿ ದೆಹಲಿಗೆ ಕಳುಹಿಸಿದ್ದರು. ಏಪ್ರಿಲ್‌ನಲ್ಲಿ ಬ್ರಿಟನ್ ಕಳುಹಿಸಿದ್ದ ಮಂತ್ರಿ ಕ್ರಿಪ್ಸ್ ಭಾರತದ ನಾಯಕರೊಂದಿಗೆ ನಡೆಸಿದ ಮಾತುಕತೆ ಮುರಿದುಬಿದ್ದಾಗ, ಇನ್ನೊಂದು ಪ್ರಯತ್ನ ಮಾಡಿ ಎಂದು ಒತ್ತಾಯಿಸಿದರು. ಚರ್ಚಿಲ್ ರಾಜೀನಾಮೆಯ ಮಾತೆತ್ತುವಷ್ಟು ಕೆರಳಿದರು.

ಕರಿಯಬ್ಬೆ

ಕೆರಳಿದರು, ಅಧ್ಯಕ್ಷರು ತಣ್ಣಗಾದರು. ಅದನ್ನೇ ನಾನು ಹೇಳಿದ್ದು. ಗೆಳೆಯನ ಮುಖ ಕೆಡುತ್ತದೆಂದು ನಲವತ್ತು ಕೋಟಿ ಜನರ ಪ್ರಶ್ನೆಯನ್ನು ಮಡಚಿಟ್ಟರು.

ಇದಕ್ಕಿಂತ ಕಹಿಯಾದ ಇನ್ನೊಂದಿದೆ. 1943ರಲ್ಲಿ ಬಂಗಾಳದ ಬರಗಾಲ ತಾರಕಕ್ಕೇರಿದ್ದಾಗ ಹಡಗಿಲ್ಲವೆಂದು ಲಂಡನ್ ಮೀನಮೇಷ ಎಣಿಸಿತು; ಸತ್ತವರು ಸುಮಾರು 30 ಲಕ್ಷವೆಂಬುದು ಸಾಮಾನ್ಯವಾಗಿ ಒಪ್ಪುವ ಅಂದಾಜು. ಕೊನೆಗೆ 1944ರ ಏಪ್ರಿಲ್ 29ರಂದು ಚರ್ಚಿಲ್, ಆಸ್ಟ್ರೇಲಿಯದಿಂದ ಗೋಧಿ ಸಾಗಿಸಲು ಹಡಗು ಕೊಡಿ ಎಂದು ರೂಸ್‌ವೆಲ್ಟ್ ಅವರಿಗೆ ಬರೆದರು. ಜೂನ್ 1ರಂದು ಇಲ್ಲವೆಂಬ ಉತ್ತರ ಬಂತು, ಸೇನಾ ಕಾರ್ಯಾಚರಣೆಗಳಿಂದ ಹಡಗು ತೆಗೆಯಲಾಗದು ಎಂಬ ಕಾರಣದೊಂದಿಗೆ. ಒಬ್ಬರು ತಡವಾಗಿ ಕೇಳಿದರು, ಇನ್ನೊಬ್ಬರು ಕೊಡಲಿಲ್ಲ. ಹಸಿವಿನಿಂದ ಮುಕ್ತಿ ಸೇರಿ ನಾಲ್ಕು ಸ್ವಾತಂತ್ರ್ಯಗಳ ಬಗ್ಗೆ ರೂಸ್‌ವೆಲ್ಟ್ ಮಾಡಿದ್ದ ಭಾಷಣ ಅದಾಗಲೇ ಮೂರು ವರ್ಷ ಹಳೆಯದಾಗಿತ್ತು.

ಉತ್ತರಾಯಣ

ಐದು ದಿನಗಳಲ್ಲಿ ನಾರ್ಮಂಡಿ ದಾಳಿ ಇತ್ತೆಂಬುದನ್ನೂ ಬರೆಯಿರಿ, ಲೆಕ್ಕ ಸರಿಹೋಗುತ್ತದೆ.

ಕರಿಯಬ್ಬೆ

ಬರೆದೆನೆಂದುಕೊಳ್ಳಿ. 1943ರಲ್ಲಿ ನಾರ್ಮಂಡಿ ಇರಲಿಲ್ಲ.

ವಿಮಾನಪುರದವ

ಯುದ್ಧಕಾಲದ ಕಾರ್ಖಾನೆ ಶಾಂತಿಕಾಲದಲ್ಲಿ ಏನು ಮಾಡಬೇಕೆಂಬ ಪ್ರಶ್ನೆಗೆ ನಮ್ಮೂರಲ್ಲೇ ಒಂದು ಉದಾಹರಣೆಯಿದೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಆಡಳಿತಕ್ಕೆ ಕೊಡಲಾಯಿತು. ಅಮೆರಿಕದ ವಿಮಾನಗಳು ಇಲ್ಲಿಗೆ ದುರಸ್ತಿಗೆ ಬರುತ್ತಿದ್ದವು. ಕ್ಯಾಟಲಿನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳಿಗೆ ಬೆಳ್ಳಂದೂರು ಕೆರೆಯೇ ನಿಲ್ದಾಣವಾಗಿತ್ತು. ನಮ್ಮ ತಾತ ಅಲ್ಲಿ ಫಿಟ್ಟರ್ ಆಗಿದ್ದರು, ಅಮೆರಿಕದ ಸಾರ್ಜೆಂಟರು ಕೆಲಸ ಕಲಿಸುತ್ತಿದ್ದ ರೀತಿಯನ್ನು ಮುಪ್ಪಿನವರೆಗೂ ಹೊಗಳುತ್ತಿದ್ದರು, ಅವರ ಊಟವನ್ನು ಮಾತ್ರ ಬೈಯುತ್ತಿದ್ದರು.

ಯುದ್ಧ ಮುಗಿದು ವಿಮಾನಗಳು ನಿಂತಾಗ ಅಷ್ಟೊಂದು ಕುಶಲ ಕೆಲಸಗಾರರನ್ನು ಏನು ಮಾಡುವುದೆಂಬ ಸಮಸ್ಯೆ ಬಂತು. ಅದೇ ಕಾರ್ಖಾನೆ ಬಸ್ಸಿನ ಬಾಡಿಗಳನ್ನೂ ರೈಲಿನ ಬೋಗಿಗಳನ್ನೂ ಮಾಡತೊಡಗಿತು. ಆ ಬೋಗಿ ವಿಭಾಗವೇ ಮುಂದೆ ಬಿಇಎಂಎಲ್‌ಗೆ ಹೋಯಿತು. ರೂಸ್‌ವೆಲ್ಟ್ ಅವರ ಭಾಷಣಕ್ಕಿಂತ ಇಂಥ ಬೋಗಿಯೊಂದು ನನಗೆ ಹೆಚ್ಚು ಅರ್ಥವಾಗುತ್ತದೆ.

ಪಡಸಾಲೆ

ಬೆಳ್ಳಂದೂರು ಕೆರೆಯ ಮೇಲೆ ವಿಮಾನ ಇಳಿಯುತ್ತಿತ್ತೇ? ಈಗ ಅಲ್ಲಿ ನೊರೆಯಷ್ಟೇ ಹಾರುತ್ತದೆ.

ಲೆಕ್ಕದ ಪುಸ್ತಕ

ಹಣದ ವಿಷಯವನ್ನು ಯಾರೂ ಮುಟ್ಟಲಿಲ್ಲ, ಶಾಂತಿಕಾಲದ ಯೋಜನೆಯ ತಿರುಳು ಇದ್ದದ್ದೇ ಅಲ್ಲಿ. 1944ರ ಜುಲೈನಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ 44 ದೇಶಗಳು ಸೇರಿ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಮತ್ತು ವಿಶ್ವಬ್ಯಾಂಕುಗಳಿಗೆ ರೂಪ ಕೊಟ್ಟವಷ್ಟೆ. ಭಾರತದ ನಿಯೋಗದಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಸಿ. ಡಿ. ದೇಶಮುಖ್, ಷಣ್ಮುಖಂ ಚೆಟ್ಟಿ, ಎ. ಡಿ. ಶ್ರಾಫ್ ಇದ್ದರು, ನಾಯಕತ್ವ ಬ್ರಿಟಿಷ್ ಅಧಿಕಾರಿ ಜೆರೆಮಿ ರೈಸ್‌ಮನ್ ಅವರದು. ಯುದ್ಧಕ್ಕಾಗಿ ಭಾರತದಿಂದ ಕೊಂಡ ಸರಕು ಮತ್ತು ಸೇವೆಗಳ ಬೆಲೆಯನ್ನು ಬ್ರಿಟನ್ ನಗದಾಗಿ ಕೊಡದೆ ಲಂಡನ್ನಿನಲ್ಲಿ ನಮ್ಮ ಹೆಸರಿಗೆ ಜಮಾ ಮಾಡಿತ್ತು. ಸ್ಟರ್ಲಿಂಗ್ ಶಿಲ್ಕೆಂಬ ಈ ಬಾಕಿ ಯುದ್ಧದ ಕೊನೆಗೆ ಸುಮಾರು 130 ಕೋಟಿ ಪೌಂಡಿಗೆ ಮುಟ್ಟಿತು. ಇದರ ಒಂದು ಪಾಲನ್ನಾದರೂ ಬೇರೆ ನಾಣ್ಯಕ್ಕೆ ಬದಲಿಸಿಕೊಳ್ಳಲು ಹೊಸ ನಿಧಿಯಲ್ಲಿ ದಾರಿ ಬೇಕೆಂದು ನಮ್ಮವರು ಕೇಳಿದರು. ಅದು ಬ್ರಿಟನ್ ಮತ್ತು ಭಾರತಗಳ ನಡುವಿನ ವಿಷಯವೆಂದು ಬ್ರಿಟನ್ನಿನ ಪ್ರತಿನಿಧಿ, ಅರ್ಥಶಾಸ್ತ್ರಜ್ಞ ಕೇನ್ಸ್ ಬಾಗಿಲು ಮುಚ್ಚಿದರು, ಅಮೆರಿಕವೂ ಬ್ರಿಟನ್ನಿನ ಬೆನ್ನಿಗೇ ನಿಂತಿತು.

ಹಾಗೆಂದು ಸಾಲದ ವಿಷಯದಲ್ಲಿ ಅಮೆರಿಕ ಬ್ರಿಟನ್ನಿಗೆ ವಿನಾಯಿತಿ ಕೊಟ್ಟಿತೆಂದುಕೊಳ್ಳಬೇಡಿ. ಗೆಳೆಯ ರೂಸ್‌ವೆಲ್ಟ್ ಸತ್ತು ನಾಲ್ಕು ತಿಂಗಳಾಗಿತ್ತು, ಜಪಾನ್ ಶರಣಾದ ವಾರದಲ್ಲೇ ಟ್ರೂಮನ್ ಮಿತ್ರದೇಶಗಳಿಗೆ ಯುದ್ಧಸಾಮಗ್ರಿ ಒದಗಿಸುತ್ತಿದ್ದ ಲೆಂಡ್–ಲೀಸ್ ನೆರವನ್ನು ನಿಲ್ಲಿಸಿದರು. ಬ್ರಿಟನ್ 375 ಕೋಟಿ ಡಾಲರ್ ಸಾಲಕ್ಕೆ ಕೈಯೊಡ್ಡಬೇಕಾಯಿತು, ಅದರ ಕೊನೆಯ ಕಂತನ್ನು ಕಟ್ಟಿದ್ದು 2006ರ ಡಿಸೆಂಬರ್ 29ರಂದು. ಗೆಳೆತನ ಇಬ್ಬರು ಮನುಷ್ಯರದು, ಬಾಕಿ ಎರಡು ಖಜಾನೆಗಳದು.

ಕವಲುದಾರಿ

ಲೆಕ್ಕದ ಪುಸ್ತಕ ಅವರ ಕೊನೆಯ ಸಾಲು ನನ್ನ ಪ್ರಶ್ನೆಗೆ ಹತ್ತಿರ ಬಂದಿದೆ, ಆದರೆ ಪೂರ್ತಿ ಒಪ್ಪಲಾರೆ. ಗೆಳೆತನದಲ್ಲೇ ನಿಂತ ಯೋಜನೆಗಳು ಬಿದ್ದವು, ನಿಜ. 1944ರ ಸೆಪ್ಟೆಂಬರಿನಲ್ಲಿ ಕ್ವಿಬೆಕ್‌ನಲ್ಲಿ ಇಬ್ಬರೂ ಕೂತು, ಜರ್ಮನಿಯ ಕೈಗಾರಿಕೆಗಳನ್ನು ಕಿತ್ತು ಅದನ್ನು ಕೃಷಿಕರ ನಾಡಾಗಿಸುವ, ಅಮೆರಿಕದ ಹಣಕಾಸು ಮಂತ್ರಿ ಮಾರ್ಗೆಂಥೊ ಅವರ ಯೋಜನೆಗೆ ಒಪ್ಪಿಗೆಯ ಸಹಿ ಮಾಡಿದರು. ಎರಡೂ ರಾಜಧಾನಿಗಳ ಮಂತ್ರಿಗಳು ಕೂಗಾಡಿದ ಮೇಲೆ ಕೆಲವೇ ವಾರಗಳಲ್ಲಿ ಅದನ್ನು ಕೈಬಿಟ್ಟರು. ಆದರೆ ಗೆಳೆತನದಿಂದ ಹೊರಟು ಸಮಿತಿ, ಕಡತ, ಕರಡುಗಳ ಕೈಗೆ ದಾಟಿದವು ಉಳಿದವು. ವಾಷಿಂಗ್ಟನ್ನಿನ ಡಂಬಾರ್ಟನ್ ಓಕ್ಸ್ ಭವನದಲ್ಲಿ 1944ರ ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಅಧಿಕಾರಿಗಳು ಕೂತು ವಿಶ್ವಸಂಸ್ಥೆಯ ಕರಡು ಮಾಡಿದ್ದರಿಂದಲೇ 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ತೀರಿಕೊಂಡರೂ, ಏಪ್ರಿಲ್ 25ಕ್ಕೆ ನಿಗದಿಯಾಗಿದ್ದ ಸ್ಯಾನ್ ಫ್ರಾನ್ಸಿಸ್ಕೊ ಸಮ್ಮೇಳನ ಒಂದು ದಿನವೂ ಮುಂದೆ ಹೋಗಲಿಲ್ಲ. ಚರ್ಚಿಲ್ ಮಾತ್ರ ಗೆಳೆಯನ ಅಂತ್ಯಸಂಸ್ಕಾರಕ್ಕೆ ಹೋಗಲಿಲ್ಲ. ಏಕೆಂಬುದರ ಬಗ್ಗೆ ಚರಿತ್ರಕಾರರು ಇಂದಿಗೂ ಕಿತ್ತಾಡುತ್ತಾರೆ.

ಮಲೆನಾಡ ಮೇಷ್ಟ್ರು

1943ರ ಟೆಹರಾನ್ ಸಮ್ಮೇಳನದಲ್ಲಿ ಸ್ಟಾಲಿನ್ ಮನಸ್ಸು ಗೆಲ್ಲಲೆಂದು ರೂಸ್‌ವೆಲ್ಟ್ ಚರ್ಚಿಲ್ ಅವರನ್ನೇ ಎಲ್ಲರೆದುರು ಗೇಲಿ ಮಾಡಿದ್ದರು; ಅದನ್ನು ಚರ್ಚಿಲ್ ಮರೆತಿರಲಿಕ್ಕಿಲ್ಲ.

ಸಂಪಿಗೆ ಮರ

ಸ್ಯಾನ್ ಫ್ರಾನ್ಸಿಸ್ಕೊ ಹೆಸರು ಬಂದದ್ದರಿಂದ ಒಂದು ಮಾತು. ಜೂನ್ 26ರಂದು ಭಾರತದ ಪರವಾಗಿ ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಹಾಕಿದವರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಮತ್ತು ವಿ. ಟಿ. ಕೃಷ್ಣಮಾಚಾರಿ. ಆರ್ಥಿಕ ಮತ್ತು ಸಾಮಾಜಿಕ ಸಹಕಾರದ ಅಧ್ಯಾಯವನ್ನು ರೂಪಿಸಿದ ಸಮಿತಿಗೆ ಮೊದಲಿಯಾರ್ ಅಧ್ಯಕ್ಷರಾಗಿದ್ದರು, 1946ರಲ್ಲಿ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರೂ ಅವರೇ ಆದರು. ಅದೇ ವರ್ಷ ಮೈಸೂರಿನ ದಿವಾನರಾಗಿ ಬಂದರು. 1947ರ ಆಗಸ್ಟ್ ಕಳೆದರೂ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬರದಿದ್ದಾಗ ಬೀದಿಗಿಳಿದ ಜನ ಕೂಗಿದ್ದು ಆರ್ಕಾಟ್ ಬಾಯ್ಕಾಟ್ ಎಂದು. ಜನರಿಗೆ ತಮ್ಮ ಸರ್ಕಾರವನ್ನು ಆರಿಸಿಕೊಳ್ಳುವ ಹಕ್ಕಿದೆಯೆಂಬ ಮಾತು ಲೋಕಕ್ಕೆಲ್ಲ ಸುತ್ತಿ ಬಂದು ಮೈಸೂರಿನ ಅರಮನೆಯ ಬಾಗಿಲಿನಲ್ಲಿ ಅಕ್ಟೋಬರ್‌ವರೆಗೆ ಕಾಯಬೇಕಾಯಿತು.

ಉತ್ತರಾಯಣ

ಮೊದಲಿಯಾರ್ ಅವರನ್ನು ಆ ಒಂದು ಘೋಷಣೆಯಿಂದ ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ಭದ್ರತಾ ಮಂಡಳಿಯ ಗದ್ದಲದ ನಡುವೆ, ಶಾಂತಿಯೆಂದರೆ ಸೇನೆ ಮತ್ತು ವೀಟೊ ಅಷ್ಟೇ ಅಲ್ಲ, ಆರೋಗ್ಯ, ಉದ್ಯೋಗ, ಶಿಕ್ಷಣವೂ ಹೌದೆಂಬ ಅಧ್ಯಾಯಕ್ಕೆ ಒಬ್ಬ ಭಾರತೀಯ ಅಧ್ಯಕ್ಷತೆ ವಹಿಸಿದ್ದು ಸಣ್ಣ ಸಂಗತಿಯಲ್ಲ. ಬೆವಿನ್ ಹಟ ಹಿಡಿದು ಸೇರಿಸಿದ ಐದನೆಯ ಅಂಶ ಮುಂದುವರಿದದ್ದೇ ಅಲ್ಲಿ.

ಕರಿಯಬ್ಬೆ

ಐದನೆಯ ಅಂಶ ಮುಂದುವರಿಯಿತು, ಸಂತೋಷ. ಮೂರನೆಯದಕ್ಕಾಗಿ ಮೈಸೂರಿನಲ್ಲಿ ಜೈಲಿಗೆ ಹೋದವರ ಪಟ್ಟಿಯನ್ನು ಯಾರಾದರೂ ಹಾಕುವುದಾದರೆ ಈ ಚರ್ಚೆಯಲ್ಲೇ ಹಾಕಲಿ, ನಾನು ಓದುತ್ತೇನೆ.